ಭಾನುವಾರದ ಒಂಬತ್ತು ತಂಡಗಳು

ಗಾಜಿನ ಮೇಲೆ ಜಾಮು, ಸ್ಟ್ರಾಬೆರಿಯದು, ಬೆಳಗಿನ ಬ್ರೆಡ್ಡಿನಿಂದ ಗಂಡನ ಬೆರಳಿಗೆ, ಬೆರಳಿನಿಂದ ಟ್ಯಾಬ್ಲೆಟ್ಟಿಗೆ, ಈಗ ಅರಿಸ್ಮೆಂಡಿ ಎನ್ನುವ ಆಟಗಾರನ ಹೆಸರಿನ ಮೇಲೆ ಕೆಂಪಗೆ ಅಂಟಿ ಕೂತಿದೆ, ಒರೆಸಿದರೆ ಪಕ್ಕದವನ ಹೆಸರಿಗೂ ಹರಡುತ್ತದೆ, ಹರಡಲಿ, ಅವನೂ ಹಾಳಾಗಲಿ, ಎಲ್ಲರೂ ಹಾಳಾಗಿ ಹೋಗಲಿ — ನಡೀನ್ ಅಂಗಿಯ ತುದಿಗೆ ಉಗುಳು ಹಚ್ಚಿ ಉಜ್ಜಿದಳು, ಉಜ್ಜಿದ್ದೇ ತಪ್ಪಾಯಿತು, ಮುಟ್ಟಿದ್ದನ್ನೆಲ್ಲ ಅಪ್ಪಣೆ ಎಂದುಕೊಳ್ಳುವ ಪೆದ್ದು ಯಂತ್ರ, ಅರಿಸ್ಮೆಂಡಿ ತಂಡದಿಂದ ಜಾರಿ ಆಡದೆ ಕೂರುವವರ ಬೆಂಚಿನ ಸಾಲಿಗೆ ಹೋಗಿ ಬಿದ್ದ, ಕಿಟಕಿಯ ಪಕ್ಕದ ಒರಗುಕುರ್ಚಿಯಲ್ಲಿ ಕೂತಿದ್ದ ಗಂಡ ಚೆಟ್ ಎಡಗೈ ಎತ್ತಿ ಕುರ್ಚಿಯ ತೋಳಿಗೆ ಬಡಿದ. ಕೂರ್ಸು, ಅಂದ. ಕೂರ್ಸಿದೀನಲ್ಲ, ಅಂದಳು ನಡೀನ್. ಕೂರ್ಸು, ಅಂದ ಮತ್ತೆ, ಇನ್ನೂ ಜೋರಾಗಿ, ಅಂದರೆ ಕೂರಿಸಬೇಡ ಎಂದು, ಇಲ್ಲವೆ ನೀರು ಬೇಕೆಂದು, ಇಲ್ಲವೆ ಕಿಟಕಿ ಮುಚ್ಚು, ಪಕ್ಕದ ಮನೆಯವನು ಹುಲ್ಲು ಕತ್ತರಿಸುವ ಸದ್ದು ತಲೆ ತಿನ್ನುತ್ತಿದೆ ಎಂದು, ಮಾರ್ಚಿನಲ್ಲಿ ಲಕ್ವ ಹೊಡೆದು ಬಲಗೈ ಬಲಗಾಲು ಮಾತು ಮೂರನ್ನೂ ಕಿತ್ತುಕೊಂಡು ಹೋದ ಮೇಲೆ ಅವನ ಬಾಯಲ್ಲಿ ಉಳಿದದ್ದು ಇದೊಂದೇ, ಹಸಿವಾದರೂ ಇದೇ, ಒಂದಕ್ಕೆ ಹೋಗಬೇಕಾದರೂ ಇದೇ, ಪಾದ್ರಿ ಬಂದು ಹಣೆ ಮುಟ್ಟಿ ಹರಸಿದರೂ ಇದೇ. ದೇವರಿಗೆ ಒಂದೇ ಒಂದು ಮಾತು ಉಳಿಸಬೇಕೆನ್ನಿಸಿದ್ದರೆ ಅಮ್ಮ ಎನ್ನುವುದನ್ನು ಉಳಿಸಬಹುದಿತ್ತು, ನೀರು ಎನ್ನುವುದನ್ನು, ಬೇಡಪ್ಪ, ನಡೀನ್ ಎನ್ನುವುದನ್ನು ಉಳಿಸಿದ್ದರೆ ಆಕಾಶವೇನೂ ಕಳಚಿ ಬೀಳುತ್ತಿರಲಿಲ್ಲ, ಯಾವ ಆಟಗಾರನನ್ನು ಬೆಂಚಿನ ಮೇಲೆ ಕೂರಿಸಬೇಕು ಎನ್ನುವ ಮಾತೇ ಬೇಕಾಯಿತೆ ಆ ಪುಣ್ಯಾತ್ಮನಿಗೆ. ನೀರಾ? ಅಂದಳು. ತಲೆ ಅಲ್ಲಾಡಿಸಿದ. ಕಿಟಕೀನಾ? ಅಲ್ಲ. ಅರಿಸ್ಮೆಂಡೀನಾ? ಎಡಗೈಯ ತೋರುಬೆರಳು ಗಾಳಿಯಲ್ಲಿ ನಿಂತಿತು, ಸರಿ, ಆಡ್ಲಿ ಮಾರಾಯ, ನಿನ್ನ ಅರಿಸ್ಮೆಂಡಿ ಆಡ್ಲಿ, ತೊಡೆ ಹಿಡ್ಕೊಂಡು ಕುಂಟ್ತಾ ಇದಾನೆ ಅಂತ ಬೆಳಿಗ್ಗೆಯಿಂದ ಹೇಳ್ತಿದಾರೆ, ಕುಂಟ್ತಾನೇ ಆಡ್ಲಿ.

ಇದು ಮೊದಲನೇ ತಂಡ, ಇನ್ನೂ ಎಂಟಿವೆ, ಸೂರ್ಯ ಆಗಲೇ ಎದುರು ಮನೆಯ ಮಾಡಿನಿಂದ ಇತ್ತ ಸರಿದಿದ್ದಾನೆ, ಆಗಸ್ಟಿನ ಬಿಸಿಲು, ಊರಿಗೆ ಊರೇ ಟವೆಲು ಹೆಗಲಿಗೆ ಹಾಕಿಕೊಂಡು ಸರೋವರದ ದಂಡೆಗೆ ಹೋಗಿದೆ, ಅಕ್ಕ ಯೂನಿಸ್ ಹೋಗುವಾಗ ಕಾರಿನಿಂದಲೇ ಕೂಗಿದಳು, ಬರಲ್ವೇನೇ? ಭಾನುವಾರ ಅಲ್ವಾ, ಅಂದಳು ನಡೀನ್ ಬಾಗಿಲಲ್ಲಿ ನಿಂತು, ಭಾನುವಾರ ಅಂತಾನೇ ಕರೀತಿರೋದು, ಅಂದಳು ಯೂನಿಸ್, ಕಾರು ಹೊರಟೇಹೋಯಿತು. ಬೇರೆಯವರಿಗೆ ಭಾನುವಾರ ಎಂದರೆ ದಂಡೆ, ಇಲ್ಲಿ ಭಾನುವಾರ ಎಂದರೆ ಹರಾಜು, ಸಂಜೆ ಎಂಟಕ್ಕೆ ಬಾಗಿಲು ಮುಚ್ಚುತ್ತದೆ, ಅಷ್ಟರೊಳಗೆ ಒಂಬತ್ತೂ ತಂಡಗಳಿಗೆ ಯಾರನ್ನು ಕೊಳ್ಳಬೇಕು ಯಾರನ್ನು ಬಿಡಬೇಕು ಎಂದು ಹೇಳಿಯಾಗಬೇಕು, ಸೋಮವಾರದ ಮೊದಲ ಪಂದ್ಯಕ್ಕೆ ಮುಂಚೆ ಯಾರು ಆಡಬೇಕು ಯಾರು ಕೂರಬೇಕು ಎಂದು ಹೇಳಿಯಾಗಬೇಕು, ಹೇಳದಿದ್ದರೆ ಮೊಣಕೈ ಮುರಿದುಕೊಂಡು ಆಸ್ಪತ್ರೆಯಲ್ಲಿ ಮಲಗಿದವನೇ ವಾರವಿಡೀ ನಿಮ್ಮ ಪರವಾಗಿ ಆಡುತ್ತಾನೆ, ಸೊನ್ನೆ ತರುತ್ತಾನೆ. ಆಟವೂ ಅಲ್ಲ ಇದು, ಆಟದ ನೆರಳು, ಹಿಡಿಯಲು ಬ್ಯಾಟಿಲ್ಲ ಎಸೆಯಲು ಚೆಂಡಿಲ್ಲ, ಹೊಟ್ಟೆ ಬಂದ ಗಂಡಸರು ಮನೆಯಲ್ಲಿ ಕೂತು ನಿಜವಾದ ಬೇಸ್‌ಬಾಲ್ ಆಟಗಾರರ ಹೆಸರುಗಳನ್ನು ಹಂಚಿಕೊಂಡು ಇದು ನನ್ನ ತಂಡ ಅನ್ನುತ್ತಾರೆ, ಅವನ್ಯಾರೋ ಹೂಸ್ಟನ್ನಿನಲ್ಲಿ ಚೆಂಡನ್ನು ಬೇಲಿಯಾಚೆ ಹೊಡೆದರೆ ಇಲ್ಲಿ ಈರಿ ಊರಿನಲ್ಲಿ ಇವರು ಅಂಕ ಎಣಿಸಿಕೊಂಡು ತಾವೇ ಹೊಡೆದ ಹಾಗೆ ಎದೆ ಉಬ್ಬಿಸುತ್ತಾರೆ. ಒಂದು ತಂಡವಾದರೆ ಹುಚ್ಚು ಅನ್ನಬಹುದು. ಒಂಬತ್ತು ಎಂದರೆ ಒಂಬತ್ತು ಮನೆಗೆ ಒಬ್ಬಳೇ ಸೊಸೆಯಾದ ಹಾಗೆ, ಒಂದು ಮನೆಯಲ್ಲಿ ದಿನಾ ಬದಲಿಸಬೇಕು, ಇನ್ನೊಂದರಲ್ಲಿ ವಾರಕ್ಕೊಮ್ಮೆ, ಒಂದರಲ್ಲಿ ಓಡಿ ಕದ್ದ ಬೇಸ್‌ಗೆ ಬೆಲೆ, ಇನ್ನೊಂದರಲ್ಲಿ ಅದಕ್ಕೆ ಕವಡೆ ಬೆಲೆಯಿಲ್ಲ, ಹೋಲ್ಕಂಬ್ ಎನ್ನುವ ಪಿಚರ್ ನಾಲ್ಕು ಮನೆಯಲ್ಲಿ ನಮ್ಮವನು, ಮೂರರಲ್ಲಿ ವೈರಿ, ಆದ್ದರಿಂದ ಅವನು ಚೆಂಡು ಎಸೆಯಲು ಕೈಯೆತ್ತಿದಾಗ ನಡೀನಳ ಬಾಯಲ್ಲಿ ಹರಕೆಯೂ ಶಾಪವೂ ಒಟ್ಟಿಗೇ ಬರುತ್ತವೆ, ಬರುಬರುತ್ತ ಶಾಪವೇ ಮೊದಲು ಬರುತ್ತದೆ. ಮೊದಲೂ ಹೀಗೇ ಇತ್ತು, ಚೆಟ್‌ಗೆ ಮಾತಿದ್ದಾಗಲೂ ಭಾನುವಾರ ಅವನು ಇದೇ ಕುರ್ಚಿಯಲ್ಲಿ ಹೂತುಹೋಗಿರುತ್ತಿದ್ದ, ಗ್ಯಾರೇಜಿನ ಬಾಗಿಲು ಏಳುತ್ತಿಲ್ಲ ಅಂದರೆ ಹೂಂ, ನಿಮ್ಮಕ್ಕನ ಮಗಳ ಮದುವೆ ಅಂದರೆ ಹೂಂ, ಮನೆಗೆ ಬೆಂಕಿ ಬಿದ್ದಿದೆ ಅಂದಳು ಒಮ್ಮೆ ಪರೀಕ್ಷೆಗೆ, ಹೂಂ ಅಂದ. ಆಗ ಅವಳಿಗೆ ಕೋಪ ಬಂದರೆ ಕಾರು ತೆಗೆದುಕೊಂಡು ದಂಡೆಗೆ ಹೋಗಿ ಮಲಗಬಹುದಿತ್ತು. ಈಗ ಅವನ ಪಕ್ಕದಲ್ಲೇ ಅಡುಗೆಮನೆಯ ಮರದ ಕುರ್ಚಿ ಎಳೆದುಕೊಂಡು, ಅವನ ಬೆರಳು ಎಲ್ಲಿ ನಿಲ್ಲುತ್ತದೆ ಎಂದು ಕಾಯಬೇಕು, ತಪ್ಪಾದರೆ ಬಟ್ಟಲು ಎಸೆಯುತ್ತಾನೆ, ಎಡಗೈಯಲ್ಲಿ ಎಷ್ಟು ಗುರಿ ಬಂದಿದೆ ಎಂದರೆ ಅವನನ್ನೇ ಯಾವುದಾದರೂ ತಂಡಕ್ಕೆ ಕೊಳ್ಳಬಹುದು. ಮಂಗಳವಾರ ಮಾತು ಕಲಿಸಲು ಬರುವ ಹುಡುಗಿ ಪ್ರಿಸಿಲ್ಲಾ ಹೇಳಿದ್ದು ಇದನ್ನೇ, ಅವರಿಗೆ ಇಷ್ಟ ಆಗೋ ಕೆಲ್ಸಾನೇ ಮಾಡ್ಸಿ ಮಿಸೆಸ್ ಪಲ್ಕೋವ್ಸ್ಕಿ, ಮಿದುಳು ತನ್ನ ದಾರಿ ತಾನು ಹುಡುಕ್ಕೊಳುತ್ತೆ, ಹೊಸ ಮಾತು ಒಂದು ಬಂದ್ರೂ ಸಾಕು, ಬಾಗಿಲು ತೆಗೆದ ಹಾಗೆ. ಐದು ತಿಂಗಳಾಯಿತು. ಆ ಬಾಗಿಲಿಗೂ ಗ್ಯಾರೇಜಿನ ಬಾಗಿಲಿನ ಗತಿಯೇ ಆಗಿದೆ.

ಅದೂ ಸಹಿಸಬಹುದಿತ್ತು, ಹೆಸರು ಒತ್ತುವುದು ಬಿಡುವುದು ಅಷ್ಟೇ ಆಗಿದ್ದರೆ, ಆದರೆ ಗಂಡಸರಿಗೆ ಆಟಕ್ಕಿಂತ ಬೈದಾಟ ಹೆಚ್ಚು ಮುಖ್ಯ, ಪ್ರತಿ ಲೀಗಿಗೂ, ಅಂದರೆ ಆಡುವವರ ಪ್ರತಿ ಗುಂಪಿಗೂ, ಒಂದೊಂದು ಹರಟೆ ಪುಟ, ಅಲ್ಲಿ ವಾರವಿಡೀ ಒಬ್ಬರನ್ನೊಬ್ಬರು ತಿವಿಯಬೇಕು, ತಿವಿಯದವನು ಸತ್ತವನು. ರೈಲು ಎಂಜಿನ್ ಕಾರ್ಖಾನೆಯ ಹಳಬರ ಲೀಗು ಎಲ್ಲಕ್ಕಿಂತ ದೊಡ್ಡದು, ಅಂದರೆ ಎಲ್ಲಕ್ಕಿಂತ ಬಾಯಿ ಹೊಲಸಾದದ್ದು, ಅದರಲ್ಲಿ ಗಸ್ ವ್ರೋಬೆಲ್ ಇದ್ದಾನೆ, ಚೆಟ್‌ನ ಜೊತೆ ಒಂದೇ ಬೆಂಚಿನಲ್ಲಿ ಊಟ ಬಿಚ್ಚಿ ತಿಂದು ನಿವೃತ್ತಿಯಾದವನು, ನಡೀನಳನ್ನು ಮದುವೆಯಾದಾಗ ಚೆಟ್‌ನ ಪಕ್ಕ ನಿಂತವನು, ಆಸ್ಪತ್ರೆಗೆ ಒಂದು ಸಲ ಬಂದು ಮುಖ ತೋರಿಸಿ ಹೋದವನು ಮತ್ತೆ ಈ ಬೀದಿಗೆ ಕಾಲಿಟ್ಟಿಲ್ಲ. ಏಪ್ರಿಲಿನ ಮೊದಲ ಭಾನುವಾರ ಪುಟ ತೆರೆದರೆ ಅವನದೇ ಬರಹ, ಲೇ ಚೆಟ್, ಇದೀಯೋ ಹೋದ್ಯೋ, ಡ್ರಿಲ್ ಹೇಗಿದೆ. ಡ್ರಿಲ್ ಅಂದ್ರೇನು, ಅಂದಳು ನಡೀನ್ ಚೆಟ್‌ಗೆ, ಗ್ಯಾರೇಜಲ್ಲಿದೆಯಲ್ಲ ಅದಾ? ಚೆಟ್ ಕಿಟಕಿಯ ಕಡೆ ನೋಡಿದ. ಕೂರ್ಸು, ಅಂದ, ಮೆಲ್ಲಗೆ, ಕಿವಿ ಕೆಂಪಗಾಯಿತು. ಅವಳಿಗೆ ಹೊಳೆದದ್ದು ಮರುದಿನ, ಅವಳು ಕೆಲಸ ಮಾಡುವ ಹಲ್ಲಿನ ಕ್ಲಿನಿಕ್ಕಿನಲ್ಲಿ, ಯಾರದೋ ದವಡೆಯ ಹಲ್ಲಿಗೆ ಕಟ್ಟಿದ ಪಾಚಿ ಕೆರೆಯುತ್ತಿದ್ದಾಗ, ಪಕ್ಕದ ಕೋಣೆಯಲ್ಲಿ ಡಾಕ್ಟರು ಡ್ರಿಲ್ ಶುರು ಮಾಡಿದರು, ಕಿರ್ರೋ ಅಂತ ತಲೆಬುರುಡೆಗೆ ಇಳಿಯುವ ಆ ಸದ್ದು, ಅವಳ ಕೈ ಹಾಗೇ ನಿಂತಿತು, ರೋಗಿ ಬಾಯಿ ತೆರೆದುಕೊಂಡೇ ಕಣ್ಣರಳಿಸಿದ. ಓಹೋ, ಡ್ರಿಲ್ ಅಂದರೆ ನಾನೇನು. ಇಷ್ಟು ವರ್ಷದಿಂದ ಅವರ ನಡುವೆ ನನ್ನ ಹೆಸರು ಅದು. ಮೊದಲು ಬಂದ ಸಿಟ್ಟು ಯಾವುದರ ಮೇಲೆಂದರೆ, ಡ್ರಿಲ್ ಹಿಡಿಯುವವರು ಡಾಕ್ಟರು, ಅವಳು ಹಲ್ಲು ತೊಳೆದು ಉಜ್ಜುವವಳು, ಗಂಡನಾದವನಿಗೆ ಅಷ್ಟಾದರೂ ಗೊತ್ತಿರಬೇಡವೆ. ಮನೆಗೆ ಬಂದವಳು ಕೋಟು ಕೂಡ ಬಿಚ್ಚದೆ ಚೆಟ್‌ನ ಹೆಸರಿನಲ್ಲಿ ಬರೆದಳು, ಡ್ರಿಲ್ ಚೆನ್ನಾಗಿದೆ, ಕರೆಂಟು ಹೋದರೂ ನಿಲ್ಲುವುದಿಲ್ಲ. ನಗುವ ಹಳದಿ ಮುಖಗಳು ಪುಟದ ತುಂಬ ಉದುರಿದವು. ಚೆಟ್ ಈಸ್ ಬ್ಯಾಕ್ ಎಂದು ಯಾರೋ, ಅರಿಜೋನಾದಲ್ಲಿರುವವನು, ಅವನನ್ನು ಅವಳು ನೋಡಿಯೂ ಇಲ್ಲ. ಆ ಹಳದಿ ಮುಖಗಳನ್ನು ನೋಡುತ್ತ ನೋಡುತ್ತ ಅವಳ ಹೊಟ್ಟೆಯಲ್ಲಿ ಏನೋ ಬೆಚ್ಚಗಾಯಿತು, ವಿಷವೂ ಮೊದಲು ಬೆಚ್ಚಗೇ ಇರುತ್ತದೋ ಏನೋ, ಮುಂದಿನ ವಾರ ಇನ್ನೊಂದು ಬರೆದಳು, ಅದರ ಮುಂದಿನ ವಾರ ಇನ್ನೊಂದು, ತನ್ನ ಮೇಲೇ, ಚೆಟ್ ಬರೆದ ಹಾಗೆ. ಮೂವತ್ತು ವರ್ಷ ಊರವರ ಬಾಯೆಲ್ಲ ತೊಳೆದಳು, ತನ್ನದೊಂದನ್ನು ತೊಳೆದುಕೊಳ್ಳುವುದು ಮರೆತಳು. ಮಕ್ಕಳಾಗಲಿಲ್ಲ ಯಾಕೆಂದರೆ, ಆ ಸದ್ದಿಗೆ ಹೆದರಿ ಯಾವ ಮಗುವೂ ಒಳಗೆ ಉಳಿಯಲಿಲ್ಲ. ಅದನ್ನು ಬರೆದ ದಿನ ಎರಡು ಸಲ ಅಳಿಸಿದಳು, ಆದರೂ ಒತ್ತಿದಳು, ನಕ್ಕರು, ನಕ್ಕವರ ಹೆಸರುಗಳನ್ನೆಲ್ಲ ನೋಡಿಕೊಂಡಳು, ನಗಿ, ಇನ್ನೂ ನಗಿ. ಚೆಟ್‌ಗೆ ಓದಿ ಹೇಳುತ್ತಿರಲಿಲ್ಲ. ಫೋನು ಮಾಡಿದವರಿಗೆ ಅವನು ಚೆನ್ನಾಗಿದ್ದಾನೆ, ಮಾತು ಬಂದಿದೆ, ಜನ ಬರುವುದು ಬೇಡ ಅನ್ನುತ್ತಾನೆ ಎಂದಳು, ಕೊನೆಯದು ಸುಳ್ಳಲ್ಲ, ಗಸ್‌ನನ್ನು ಕರೀಲಾ ಎಂದು ಕೇಳಿದಾಗಲೇ ಅವನು ಮೊದಲ ಬಟ್ಟಲು ಎಸೆದದ್ದು, ಗೋಡೆಯ ಮೇಲೆ ಕಾಫಿಯ ಕಲೆ ಇನ್ನೂ ಇದೆ. ಹೋದ ಭಾನುವಾರ ಬರೆದದ್ದು ಮಾತ್ರ ಯಾಕೆ ಹಾಗೆ ಬಂತೋ, ಏನೂ ಯೋಚನೆ ಮಾಡಿರಲಿಲ್ಲ, ಎಂಟು ತಂಡ ಮುಗಿದಿತ್ತು, ಸೊಂಟ ಹಿಡಿದಿತ್ತು, ಬೆರಳು ತಾನೇ ಬರೆಯಿತು, ಡ್ರಿಲ್ ಒಂದು ದಿನ ಸರೋವರಕ್ಕೆ ಬಿದ್ದು ಹೋದರೆ ಸಾಕು, ಯಾರೂ ಹುಡುಕುವುದಿಲ್ಲ. ಹಳದಿ ಮುಖ ಒಂದೂ ಉದುರಲಿಲ್ಲ. ವಾರವಿಡೀ ಆ ಪುಟದಲ್ಲಿ ಅದೇ ಕೊನೆಯ ಸಾಲಾಗಿ ನಿಂತಿತ್ತು, ಅರಿಜೋನಾದವನೂ ಸುಮ್ಮನೆ, ಗಸ್ ಕೂಡ ಸುಮ್ಮನೆ, ನಗದಿದ್ದರೆ ಬಿಡಿ, ನಿಮ್ಮ ಹಲ್ಲು ನೋಡಿ ನೋಡಿ ನನಗೂ ಸಾಕಾಗಿದೆ.

ಏಳನೇ ತಂಡಕ್ಕೆ ಬರುವಾಗ ಬಾಗಿಲಿನ ಗಂಟೆ, ಯೂನಿಸ್ ಇಷ್ಟು ಬೇಗ ವಾಪಸ್ಸಾ, ಅಥವಾ ಚರ್ಚಿನ ಹೆಂಗಸರು ಮತ್ತೆ ಆ ಆಲೂಗಡ್ಡೆಯ ಪಲ್ಯದ ಪಾತ್ರೆ ಹಿಡಿದು ಬಂದರೇ, ಮರುಕ ತೋರಿಸುವವರ ಕೈಯಲ್ಲಿ ಯಾವಾಗಲೂ ಒಂದು ಬಿಸಿ ಪಾತ್ರೆ ಇರುತ್ತದೆ, ತೊಳೆದು ಹಿಂದಿರುಗಿಸುವ ಕೆಲಸ ನಮಗೆ — ತೆರೆದರೆ ಗಸ್, ಟೋಪಿ ಕೈಯಲ್ಲಿ, ಇನ್ನೊಂದು ಕೈಯಲ್ಲಿ ಎಣ್ಣೆ ಜಿನುಗಿದ ರಟ್ಟಿನ ಡಬ್ಬಿ, ಬೇಕರಿಯ ಪೆಪರೋನಿ ಉಂಡೆಗಳು, ಖಾರದ ಮಾಂಸ ತುಂಬಿದ ಬ್ರೆಡ್ಡು, ವಾಸನೆಯೇ ಹೇಳುತ್ತದೆ. ಚೆಟ್ ಮಲಗಿದಾನೆ, ಅಂದಳು. ಕಿಟಕೀಲಿ ಕಾಣ್ತಿದಾನೆ, ಅಂದ ಗಸ್, ಕೈಯೆತ್ತಿದೆ, ಅವನೂ ಎತ್ತಿದ. ಎತ್ತಿದ್ನಾ? ಅಂದಳು. ಎಡಗೈ ಎತ್ತಿದ, ಅಂದ. ಅವಳು ಬಾಗಿಲಿಗೆ ಅಡ್ಡ ನಿಂತಿದ್ದಳು, ಸರಿಯಲಿಲ್ಲ, ಟ್ಯಾಬ್ಲೆಟ್ಟು ಎದೆಗೆ ಒತ್ತಿಕೊಂಡಿದ್ದಳು. ನಡೀನ್, ಅಂದ ಗಸ್, ಹೋದವಾರ ಅದನ್ನ ಬರ್ದಿದ್ದು ಯಾರು? ಚೆಟ್. ನಡೀನ್. ಚೆಟ್ ಅಂದೆನಲ್ಲ, ಅಂದಳು, ಎಡಗೈ ಸರಿಯಾಗೇ ಇದೆ ಅವನದ್ದು. ಗಸ್ ನೆಲ ನೋಡಿದ, ಚೆಟ್‌ಗೆ ಒಂದು ಸಾಲು ನೆಟ್ಟಗೆ ಬರೆಯೋಕೆ ಬರ್ತಿರ್ಲಿಲ್ಲ, ನನ್ನ ಹೆಸರನ್ನೇ ಮೂರು ಥರ ಬರೀತಿದ್ದ, ಏಪ್ರಿಲಲ್ಲಿ ಆ ಕರೆಂಟಿನ ಮಾತು ಬಂತಲ್ಲ, ಅವತ್ತೇ ಗೊತ್ತಾಯ್ತು. ಗೊತ್ತಾಯ್ತು. ಅಂದರೆ ಏಪ್ರಿಲ್, ಮೇ, ಜೂನ್, ಇಡೀ ಬೇಸಿಗೆ, ಡ್ರಿಲ್ ಹೇಗಿದೆ ಡ್ರಿಲ್ ಏನಂತು ಎಂದು ಈ ಮನುಷ್ಯ ಕೇಳಿದ್ದು ಅವಳನ್ನೇ, ಅವಳ ಮುಖಕ್ಕೇ. ಗೊತ್ತಿದ್ದೂ ಹಾಗೆ ಬರೀತಿದ್ದೆಯಲ್ಲ, ಅಂದಳು, ನಾಚಿಕೆ ಆಗ್ಲಿಲ್ವಾ ನಿಂಗೆ. ನೀನೇ ನಗಿಸ್ತಿದ್ದೆ, ಅಂದ ಗಸ್, ನಾನು ನಿಲ್ಸಿದ್ರೆ ನೀನೂ ನಿಲ್ಸ್ತೀಯ ಅಂದ್ಕೊಂಡೆ, ಆಮೇಲೆ, ನಿಲ್ಸಿದ್ರೆ ಚೆಟ್ ಪೂರಾ ಹೋದ ಹಾಗೆ ಅನ್ನಿಸ್ತು, ಏನಾದ್ರೂ ಅಂದ್ಕೋ ನನ್ನ. ಅಂದ್ಕೋತಾ ಇದೀನಿ, ಅಂದಳು. ಅವನು ನಿನ್ನ ಹಾಗೆ ಕರ್ದಿದ್ದು ಯಾವತ್ತೋ ಎರಡು ಸಲ ಇರ್ಬೇಕು, ಅಂದ ಗಸ್, ಆ ಗ್ಯಾರೇಜ್ ಬಾಗಿಲು ರಿಪೇರಿ ಮಾಡು ಅಂತ ನೀನು ಬೆನ್ನು ಹತ್ತಿದ್ದಾಗ, ಅದನ್ನ ಹಿಡ್ಕೊಂಡು ಎಳ್ದಾಡಿದ್ದು ನಾವು, ಅವನು ಬರೀ ನಗ್ತಿದ್ದ, ನೀನು ನಿನ್ನ ಬಗ್ಗೆ ಬರ್ದಷ್ಟು ಕೆಟ್ಟದಾಗಿ ಚೆಟ್ ಯಾವತ್ತೂ ಬರ್ದಿಲ್ಲ ನಡೀನ್, ಯಾವ ಗಂಡಸೂ ಬರ್ದಿಲ್ಲ.

ಪಕ್ಕದ ಮನೆಯ ಹುಲ್ಲಿನ ಯಂತ್ರ ನಿಂತಿತು, ಅದು ನಿಂತ ಮೇಲೆ ಎಷ್ಟು ಹೊತ್ತಿನಿಂದ ಕಿವಿಯಲ್ಲಿತ್ತು ಎಂದು ಗೊತ್ತಾಯಿತು, ಸರೋವರದ್ದು ಯಾಕೆ ಬರ್ದೆ, ಅನ್ನುತ್ತಿದ್ದಾನೆ ಗಸ್, ತಮಾಷೆಗೆ, ಅಂದಳು, ಯಾರೂ ನಗ್ಲಿಲ್ಲ, ಅಂದ, ನಗದೇ ಇದ್ರೆ ನಾನೇನ್ ಮಾಡ್ಲಿ, ಹೆದರ್ಕೊಂಡು ಬಂದೆ ನಾನು, ಅಂದ ಗಸ್, ಮಾರ್ಚಿಂದ ಇತ್ತ ಬಾರದೇ ಇರೋನು ಈಗ ಹೆದರ್ಕೊಂಡು ಬಂದೆಯಾ, ಎಷ್ಟು ದೊಡ್ಡ ಮನಸ್ಸು. ಗಸ್‌ನ ದಪ್ಪ ಕುತ್ತಿಗೆ ಕೆಂಪೇರಿತು. ಆಸ್ಪತ್ರೇಲಿ ಚೆಟ್ ನನ್ನ ನೋಡಿ ಕೂರ್ಸು ಅಂದ, ಅಂದ ಗಸ್, ಕೂತೆ, ಮತ್ತೂ ಕೂರ್ಸು ಅಂದ, ಕೂತಿದೀನಲ್ಲೋ ಅಂದೆ, ಅಳೋಕೆ ಶುರು ಮಾಡ್ದ, ಚೆಟ್ ಅತ್ತಿದ್ದು ನಾನು ನೋಡಿರ್ಲಿಲ್ಲ, ಓಡಿಬಂದ್ಬಿಟ್ಟೆ, ಇದಕ್ಕಿಂತ ಹೆಚ್ಚು ಹೇಳೋಕೆ ಏನೂ ಇಲ್ಲ ನನ್ನ ಹತ್ರ. ಅವಳ ಹತ್ತಿರ ಬೇಕಾದಷ್ಟಿತ್ತು, ಓಡಿಬರುವುದಕ್ಕೆ ನಿನಗೆ ಇನ್ನೊಂದು ಮನೆಯಿತ್ತು ಗಸ್, ನನಗೆ ಇದ್ದದ್ದು ಇದೊಂದೇ, ಅವನು ಅತ್ತಾಗ ಮೂಗು ಒರೆಸಿದವಳು ನಾನು, ತೊಡೆ ಒರೆಸಿದವಳು ನಾನು, ನಿಮ್ಮ ಹೊಲಸು ಲೀಗಿನಲ್ಲಿ ಅವನ ತಂಡವನ್ನು ಎರಡನೇ ಜಾಗದ ತನಕ ಎಳೆದು ತಂದವಳು ನಾನು, ಆದರೆ ಬಾಯಿಂದ ಬಂದದ್ದು, ಒಳಗ್ ಬಾ, ಬಾಗಿಲು ತೆಗ್ದಿದ್ರೆ ನೊಣ ಬರ್ತವೆ. ಅಡುಗೆಮನೆ ದಾಟುವಾಗ ಗಸ್ ಕೈ ಚಾಚಿದ, ಕೊಡಿಲ್ಲಿ ಅದನ್ನ, ಅಂದ, ಟ್ಯಾಬ್ಲೆಟ್ಟನ್ನು, ಇನ್ಮೇಲೆ ಭಾನುವಾರ ನಾನೇ ಬರ್ತೀನಿ, ಒಂಬತ್ತೂ ನಾನೇ ನೋಡ್ಕೋತೀನಿ, ನೀನು ಯೂನಿಸ್ ಜತೆ ದಂಡೆಗೆ ಹೋಗು. ಇದೇ ಮಾತನ್ನು ಐದು ತಿಂಗಳು ಕನಸಿನಲ್ಲಿ ಕೇಳಿದ್ದಳು, ಯಾರಾದರೂ ಬಂದು ಈ ಹಾಳು ಹಲಗೆಯನ್ನು ಕೈಯಿಂದ ಕಿತ್ತುಕೊಳ್ಳಲಿ ಎಂದು, ಈಗ ಕೈ ಚಾಚಿದೆ, ನಿಜವಾದ ಕೈ, ಅವಳು ಹಿಂದಕ್ಕೆ ಸರಿದಳು. ನೀನು ಮೊದಲನೇ ಜಾಗದಲ್ಲಿದೀಯ, ಅಂದಳು, ನಿನ್ನ ಹಿಂದೆ ನಾನಿದೀನಿ, ನನ್ನ ತಂಡ ನಿನ್ನ ಕೈಗೆ ಕೊಡ್ಲಾ. ಹೇಳಿದ ಮೇಲೆ ಕೇಳಿಸಿತು, ನಾನು, ನನ್ನ. ಗಸ್‌ಗೂ ಕೇಳಿಸಿತು, ಡಬ್ಬಿ ಹಿಡಿದುಕೊಂಡು ಒಳಗೆ ಹೋದ.

ಅವಳು ಹೋಗಲಿಲ್ಲ. ಅಡುಗೆಮನೆಯ ಮೇಜಿಗೆ ಒರಗಿ ಎಂಟನೇ ತಂಡ ತೆರೆದಳು, ಹರಾಜಿಗೆ ಇನ್ನು ಹೆಚ್ಚು ಹೊತ್ತಿಲ್ಲ, ಎರಡನೇ ಬೇಸ್ ಕಾಯಲು ಹೊಸಬನೊಬ್ಬ ಬೇಕು, ಇರುವವನು ಹೆಬ್ಬೆರಳು ಮುರಿದುಕೊಂಡಿದ್ದಾನೆ, ಹೆಬ್ಬೆರಳಿಲ್ಲದೆ ಆಡಲಾಗದೇನು, ನಾನು ಗಂಡನಿಲ್ಲದೆ ಆಡುತ್ತಿಲ್ಲವೆ — ಕೋಣೆಯಿಂದ ಗಸ್‌ನ ದನಿ, ಏನಪ್ಪಾ ದೊರೆ, ದಪ್ಪ ಆಗಿದೀಯ. ಕೂರ್ಸು, ಅಂದ ಚೆಟ್. ಕೂತೆ ಕಣೋ, ಅಂದ ಗಸ್, ನೋಡು, ಕೂತೆ. ಈ ಸಲ ಅಳು ಬರುತ್ತದೆ ಎಂದು ಅವಳು ಕಾದಳು, ಬರಲಿ, ಮತ್ತೆ ಓಡಿಹೋಗಲಿ. ಕೂರ್ಸು, ಅಂದ ಚೆಟ್. ಹೋಲ್ಕಂಬನ್ನಾ, ಅಂದ ಗಸ್, ನೀನೇ ಕೂರ್ಸು ಅವನನ್ನ, ಹೋದ ಶುಕ್ರವಾರ ಎಸೆದಿದ್ದು ನೋಡಿದ್ಯಾ, ನಮ್ಮತ್ತೆ ಅದಕ್ಕಿಂತ ಚೆನ್ನಾಗಿ ಎಸೀತಾಳೆ, ಅದೂ ಕನ್ನಡಕ ಇಲ್ದೆ. ಒಂದು ಸದ್ದು ಬಂತು, ನೀರಿನ ಕೊಳವೆಯಲ್ಲಿ ಗಾಳಿ ಸಿಕ್ಕಿಕೊಂಡ ಹಾಗೆ, ಏನು ಒಡೆಯಿತು ಎಂದು ಅವಳು ಸುತ್ತ ನೋಡಿದಳು, ಏನೂ ಒಡೆದಿರಲಿಲ್ಲ, ಅದು ಚೆಟ್‌ನ ನಗು. ಮಾರ್ಚಿನಿಂದ ಕೇಳಿರಲಿಲ್ಲ. ಅದಕ್ಕೂ ಹಿಂದೆ ಯಾವಾಗ ಕೇಳಿದ್ದು ಎಂದು ಹುಡುಕಿದರೆ ಅಲ್ಲೂ ಸಿಗುತ್ತಿಲ್ಲ, ಇಷ್ಟು ತಿಂಗಳು ಚಮಚ ಹಿಡಿದು, ಬಟ್ಟೆ ಬದಲಿಸಿ, ಆ ಹುಡುಗಿ ಪ್ರಿಸಿಲ್ಲಾ ಕೊಟ್ಟ ಚಿತ್ರಗಳನ್ನೆಲ್ಲ ತೋರಿಸಿ ಇದು ನಾಯಿ ಇದು ಮರ ಎಂದು ಗಂಟಲು ಹರಿದುಕೊಂಡವಳಿಗೆ ಒಂದು ಮುಗುಳ್ನಗೆಯ ಬಾಡಿಗೆಯಿಲ್ಲ, ಈಗ ಯಾರದೋ ಅತ್ತೆಯ ಕನ್ನಡಕಕ್ಕೆ ಈ ನಗು. ಎರಡೂ ದನಿ ಸೇರಿಕೊಂಡವು, ಗಸ್ ಇನ್ನೇನೋ ಅಂದ, ಮತ್ತೆ ನಗು, ಅವಳ ಕಾಲು ತಾನಾಗಿ ಕೋಣೆಯ ಬಾಗಿಲಿಗೆ ಹೋಗಿ ನಿಂತಿತು.

ಗಸ್ ಅವಳ ಮರದ ಕುರ್ಚಿಯಲ್ಲಿ ಕೂತಿದ್ದ. ಡಬ್ಬಿ ಚೆಟ್‌ನ ಮಡಿಲಲ್ಲಿ ತೆರೆದಿತ್ತು, ಅರ್ಧ ಉಂಡೆ ಚೆಟ್‌ನ ಎಡಗೈಯಲ್ಲಿ, ಇನ್ನರ್ಧ ಎಲ್ಲಿ, ಅಯ್ಯೋ ಅವನಿಗೆ ಗಟ್ಟಿ ಕೊಡಬಾರದು, ಬೆಳಗಿನ ಬ್ರೆಡ್ಡನ್ನೂ ನುರಿದು ಕೊಡಬೇಕು, ಬಲಗೆನ್ನೆಗೆ ಅರಿವಿಲ್ಲ, ಅಲ್ಲಿ ಸೇರಿಕೊಂಡದ್ದು ಸೇರಿಕೊಂಡೇ ಇರುತ್ತದೆ, ಪ್ರತಿ ಊಟದ ಮೇಲೂ ಅವಳು ಬೆರಳು ಹಾಕಿ ತೆಗೆಯಬೇಕು, ಇದನ್ನು ಹೇಳಬೇಕೆಂದು ಬಾಯಿ ತೆರೆದಳು, ಅಷ್ಟರಲ್ಲಿ ಚೆಟ್ ಅವಳನ್ನು ನೋಡಿದ. ನಗುವ ಬಾಯಿ ನಗುತ್ತಲೇ ಇತ್ತು. ಡ್ರಿಲ್, ಅಂದ. ಸ್ಪಷ್ಟವಾಗಿ, ಎಲ್ಲ ಅಕ್ಷರವೂ ಇದ್ದ ಜಾಗದಲ್ಲಿ, ಡಕಾರದ ಕೆಳಗಿನ ರಕಾರವೂ ತಪ್ಪದೆ, ಐದು ತಿಂಗಳು ಪ್ರಿಸಿಲ್ಲಾ ಕಾದ ಹೊಸ ಮಾತು, ಬಾಗಿಲು ತೆಗೆಯಿತು. ಗಸ್‌ನ ನಗು ಇಳಿದುಹೋಯಿತು. ಅವನು ಹೇಳ್ಬೇಕು ಅಂತ ಹೇಳ್ಲಿಲ್ಲ ನಡೀನ್, ಅಂದ, ಬಾಯಿಗೆ ಬಂದಿದ್ದು ಬಂತು ಅಷ್ಟೆ. ಡ್ರಿಲ್, ಅಂದ ಚೆಟ್ ಮತ್ತೆ, ತನ್ನದೇ ದನಿಗೆ ಬೆರಗಾದವನ ಹಾಗೆ, ನಗುತ್ತ, ಆ ನಗುವಿನ ನಡುವೆಯೇ ಉಸಿರು ಎಲ್ಲೋ ತಪ್ಪಿತು, ಕೆಮ್ಮು, ಮುಖ ಕೆಂಪಗೆ, ಆಮೇಲೆ ನೇರಳೆ, ಟ್ಯಾಬ್ಲೆಟ್ಟು ಎಲ್ಲಿ ಬಿತ್ತೋ, ಅವಳು ಅವನನ್ನು ಮುಂದಕ್ಕೆ ಬಗ್ಗಿಸಿ ಬೆನ್ನಿಗೆ ಗುದ್ದಿದಳು, ಅಂಗೈಯಿಂದ, ಹೆಗಲೆಲುಬಿನ ನಡುವೆ, ಒಂದು ಗುದ್ದು ಅವನಿಗಾಗಿ, ಒಂದು ಡ್ರಿಲ್‌ಗಾಗಿ, ಒಂದು ಯೂನಿಸ್‌ನ ಕಾರಿಗಾಗಿ, ಸಾಕು ಸಾಕು ಎಂದು ಗಸ್ ಕೂಗುತ್ತಿದ್ದ, ಸಾಕೋ ಬೇಕೋ ಅವಳಿಗೆ ಗೊತ್ತು, ತುಣುಕು ಹಾರಿ ನೆಲದ ಮೇಲೆ ಬಿತ್ತು, ಉಸಿರು ಎಳೆದುಕೊಂಡ, ಬಣ್ಣ ತಿರುಗಿತು. ಬಾಯಿ ತೆಗಿ, ಅಂದಳು. ಕೆನ್ನೆಯಲ್ಲಿ ಇನ್ನೂ ಇದೆ, ತೆಗಿ. ತೆಗೆದ. ಬೆರಳು ಬಲಗೆನ್ನೆಯ ಒಳಕ್ಕೆ ಹೋಯಿತು, ನೆನೆದ ಬ್ರೆಡ್ಡು, ಎಣ್ಣೆ, ದಿನಾ ಮಾಡುವ ಕೆಲಸ, ತೆಗೆದು ಒರೆಸಿದಳು, ಎರಡನೆಯ ಸಲ ಬೆರಳು ಹಾಕಿದಾಗ ಹಲ್ಲು ಮುಚ್ಚಿಕೊಂಡಿತು.

ಮೂವತ್ತು ವರ್ಷದಲ್ಲಿ ಎಷ್ಟೋ ಜನ ಕಚ್ಚಿದ್ದಾರೆ, ಮಕ್ಕಳು, ಹೆದರಿದವರು, ನಿದ್ದೆಯ ಮದ್ದಿನಲ್ಲಿದ್ದವರು, ತಾನಾಗಿ ಮುಚ್ಚಿಕೊಳ್ಳುವ ದವಡೆ ಹೇಗಿರುತ್ತದೆ ಎಂದು ಅವಳಿಗೆ ಗೊತ್ತು, ಎಳೆದರೆ ಬಿಗಿಯುತ್ತದೆ, ಸುಮ್ಮನಿದ್ದರೆ ಸಡಿಲುತ್ತದೆ. ಅವಳು ಎಳೆಯಲಿಲ್ಲ. ಸುಮ್ಮನಿದ್ದಳು. ಅದು ಸಡಿಲಲಿಲ್ಲ, ಬಿಗಿಯಿತು. ಚೆಟ್‌ನ ಕಣ್ಣು ಅವಳ ಕಣ್ಣಿನಲ್ಲಿ, ಕೆಮ್ಮಿನ ನೀರು ಇನ್ನೂ ಅದರಲ್ಲಿತ್ತು, ಆದರೆ ಅದರ ಹಿಂದೆ ಪೂರ್ತಿ ಎಚ್ಚರವಾಗಿದ್ದ ಮನುಷ್ಯ, ಗ್ಯಾರೇಜಿನ ಬಾಗಿಲಿಗೆ ಹೂಂ ಅಂದವನಲ್ಲ, ಬಟ್ಟಲು ಎಸೆದವನೂ ಅಲ್ಲ, ನನ್ನ ಬಾಯಿ ಇದು, ನನ್ನ ತಂಡ, ನನ್ನ ಬೈಗುಳ, ಯಾವುದರೊಳಗೂ ಕೈ ಹಾಕದೆ ಬಿಡಲಿಲ್ಲ ನೀನು ಅನ್ನುವ ಕಣ್ಣು. ಮಾರ್ಚಿನಿಂದ ಅವನು ಅವಳಿಗೆ ಕೊಟ್ಟ ಮೊದಲ ಪೂರ್ತಿ ಉತ್ತರ. ಬಿಡೋ ಚೆಟ್, ಅಂದ ಗಸ್, ಬಿಡೋ ಮಾರಾಯ. ಗಸ್ ಕೈ ಚಾಚಿದಾಗ ನೀನೂ ಇಷ್ಟೇ ಬಿಗಿಯಾಗಿ ಹಿಡಿದಿದ್ದೆಯಲ್ಲ ಟ್ಯಾಬ್ಲೆಟ್ಟನ್ನು, ಎದೆಗೆ, ಕೊಡೆನು ಎಂದು — ಯಾರು ಅಂದರು ಅದನ್ನು, ಯಾರೂ ಅನ್ನಲಿಲ್ಲ. ಹಲ್ಲು ತೆರೆಯಿತು. ಗಸ್ ನೆಲದಿಂದ ಟ್ಯಾಬ್ಲೆಟ್ಟು ಎತ್ತಿ ಗಾಜು ಒರೆಸಿದ. ಎಂಟಾಯ್ತು ನಡೀನ್, ಅಂದ, ಮುಚ್ಚಿಹೋಯ್ತು. ಹೆಬ್ಬೆರಳು ಮುರಿದವನು ಎಂಟನೇ ತಂಡದಲ್ಲಿ ಆಡುತ್ತಾನೆ, ಒಂಬತ್ತನೆಯದನ್ನು ತೆರೆದೂ ಇಲ್ಲ, ಆಡಲಿ, ಸೊನ್ನೆ ತರಲಿ. ಅವಳು ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿದಳು.

ನೀರು ತಣ್ಣಗಿತ್ತು. ರಕ್ತ ಸ್ವಲ್ಪವೇ, ಹೋಯಿತು, ಗುರುತು ಉಳಿಯಿತು. ಹಿಂದೆ ಕೋಣೆಯಲ್ಲಿ ಗಸ್ ಮೆಲ್ಲಗೆ ಏನೋ ಅನ್ನುತ್ತಿದ್ದಾನೆ, ಚೆಟ್ ಕೂರ್ಸು ಅಂದ, ಆಮೇಲೆ ಇನ್ನೊಂದು ಮಾತು, ಡ್ರಿಲ್ಲೋ ಬೇರೇನೋ ನೀರಿನ ಸದ್ದಿಗೆ ಕೇಳಿಸಲಿಲ್ಲ, ನಲ್ಲಿ ನಿಲ್ಲಿಸಿದರೆ ಕೇಳಿಸುತ್ತದೆ, ನಿಲ್ಲಿಸಲಿಲ್ಲ. ಬೆರಳಿನ ಮೇಲೆ ಕೆಂಪು ಚುಕ್ಕೆಗಳ ಸಾಲು, ನೆಟ್ಟಗೆ ಬಂದು ಒಂದು ಕಡೆ ತಪ್ಪಿದೆ, ಕೆಳಗಿನ ಮುಂಭಾಗದ ಹಲ್ಲೊಂದು ಒಳಕ್ಕೆ ತಿರುಗಿದೆ ಅವನಿಗೆ, ಬೇರೆ ಯಾರ ಬಾಯಲ್ಲೂ ಹಾಗಿಲ್ಲ, ಸಾವಿರ ಬಾಯಿ ನೋಡಿದವಳು ಕಣ್ಣು ಮುಚ್ಚಿಕೊಂಡು ಹೇಳಬಲ್ಲಳು. ಒರೆಸಿಕೊಂಡಳು. ಯೂನಿಸ್ ಇಷ್ಟು ಹೊತ್ತಿಗೆ ಮರಳು ಕೊಡವಿ — ಸಾಲು, ತಪ್ಪಿದ ಜಾಗ. ಸೋಮವಾರ ಕ್ಲಿನಿಕ್ಕು, ಕೈಗವಸಿನೊಳಗೆ ಇದು — ಸಾಲು, ತಪ್ಪಿದ ಜಾಗ. ಪ್ರಿಸಿಲ್ಲಾಗೆ ಹೇಳಬೇಕು, ಹೊಸ ಮಾತು — ಚುಕ್ಕೆ, ಚುಕ್ಕೆ, ಚುಕ್ಕೆ, ಆ ತಿರುಗಿದ ಹಲ್ಲಿನ ಜಾಗದಲ್ಲಿ ಮಾತ್ರ ಚರ್ಮ ಬಿಳಿ, ಏನೂ ಆಗದ ಹಾಗೆ, ಬಿಳಿ.